ಡ್ರಿಲ್ ಮೇಷ್ಟರ ಮೊಣಕಾಲು

ಮೇಷ್ಟರನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ಜಗಲಿಯ ಮೇಲೆ. ಗೋಡೆಗೆ ಒರಗಿ ಒಂಟಿಕಾಲಲ್ಲಿ ನಿಂತಿದ್ದರು. ಬಲಗಾಲಿನ ಮಂಡಿ ಸ್ವಲ್ಪ ಮಡಚಿಕೊಂಡ ಹಾಗೆಯೇ ನಿಂತುಬಿಟ್ಟಿತ್ತು. ಪೂರ್ತಿ ಚಾಚಲೂ ಆಗದು, ಪೂರ್ತಿ ಮಡಚಲೂ ಆಗದು. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಬಳಿದು ಸುತ್ತಿದ್ದ ಬಟ್ಟೆ ಒಣಗಿ ಹಲಗೆಯಂತಾಗಿತ್ತು. ಅದರ ಮೇಲೆ ನಾಲ್ಕು ಬಿದಿರಿನ ದಬ್ಬೆ. ಪಕ್ಕದಲ್ಲಿ ಅವರ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಗಂಡನ ಬಲಗಾಲಿನ ಚಪ್ಪಲಿ ಅದು.

ನಾನಾಗ ಚಿಕ್ಕಬಳ್ಳಾಪುರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಫಿಸಿಯೋಥೆರಪಿ ಎಂಬ ಮಾತು ಆ ಸೀಮೆಯಲ್ಲಿ ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ; ಜನ ನನ್ನನ್ನು 'ಕಸರತ್ತಿನಮ್ಮ' ಎಂದು ಕರೆಯುತ್ತಿದ್ದರು. ಹಿಂಬದಿಯಲ್ಲಿದ್ದ, ಹಿಂದೆ ಉಗ್ರಾಣವಾಗಿದ್ದ ಕೋಣೆ ನನ್ನದು. ಒಂದು ಮರದ ಮಂಚ, ಕಿಟಕಿಯ ಸರಳಿಗೆ ಕಟ್ಟಿದ ರಾಟೆ ಮತ್ತು ಹಗ್ಗ, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಎರಡು ಬಿದಿರಿನ ಗಳು. ಬರುತ್ತಿದ್ದವರು ಬಹುಪಾಲು ಪೋಲಿಯೋ ಆದ ಮಕ್ಕಳು. ತಾಯಂದಿರು ಗೌರಿಬಿದನೂರಿನಿಂದ, ಚಿಂತಾಮಣಿಯಿಂದ ಎತ್ತಿಕೊಂಡು ಬರುತ್ತಿದ್ದರು. ಎಷ್ಟು ತಿಂಗಳು ತಿದ್ದಿದರೂ ಆ ಕಾಲುಗಳು ಮೊದಲಿನಂತಾಗುತ್ತಿರಲಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೇಷ್ಟರ ವಿಷಯದಲ್ಲಿ ನಾನು ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿದೆ.

ಮೇಷ್ಟ್ರು ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಊರು ನಂದಿ. ಇಪ್ಪತ್ತಾರು ವರ್ಷ. ಕಬಡ್ಡಿಯಲ್ಲಿ ಅವರನ್ನು ಹಿಡಿಯುವವರಿಲ್ಲ ಎಂದು ಸುತ್ತಲ ತಾಲ್ಲೂಕುಗಳಲ್ಲಿ ಹೆಸರಿತ್ತಂತೆ. ಚಿಂತಾಮಣಿಯಲ್ಲಿ ನಡೆದ ಪಂದ್ಯದಲ್ಲಿ ಎದುರು ತಂಡದವನೊಬ್ಬ ಅವರ ಹಿಮ್ಮಡಿ ಹಿಡಿದ. ಪಾದ ಅಲ್ಲೇ ನಿಂತಿತು, ಮೈ ತಿರುಗಿತು.

"ಒಣ ಕಡ್ಡಿ ಮುರಿದಂಗೆ ಸದ್ದು ಬಂತಮ್ಮ," ಅಂದರು. "ನನಗಿಂತ ಮೊದಲು ಹಿಡಿದೋನಿಗೆ ಕೇಳಿಸ್ತು. ಅವನೇ ಗಾಬರಿಯಾಗಿ ಕೈ ಬಿಟ್ಟ."

ಸಂಜೆಯ ಹೊತ್ತಿಗೆ ಮಂಡಿ ಕುಂಬಳಕಾಯಿಯಷ್ಟು ಊದಿತ್ತು. ನಾಟಿ ವೈದ್ಯರು ಎಳೆದು ಕಟ್ಟಿದರು. ಮೂರು ವಾರವಾದರೂ ಕಾಲು ಚಾಚಲು ಆಗದಿದ್ದಾಗ ಸಣ್ಣ ಹಳಿಯ ರೈಲು ಹತ್ತಿ ನಮ್ಮಲ್ಲಿಗೆ ಬಂದಿದ್ದರು.

ಬಟ್ಟೆ ನೆನೆಸಿ ಬಿಡಿಸಿದೆ. ತೊಡೆಯ ಸುತ್ತಳತೆ ತೆಗೆದರೆ ಬಲಗಡೆ ಎರಡು ಅಂಗುಲ ಕಮ್ಮಿ. ಮೂರೇ ವಾರದಲ್ಲಿ ತೊಡೆಯ ಮುಂಭಾಗದ ಸ್ನಾಯು ಅಷ್ಟು ಸೊರಗಿತ್ತು. ಮೊಣಕಾಲಿನ ಒಳಬದಿಯಲ್ಲಿ ಬೆರಳು ಒತ್ತಿದ ಕಡೆ ಮೇಷ್ಟ್ರು ಹಲ್ಲು ಕಚ್ಚಿದರು. ಮೊಣಕಾಲು ಮಡಚಿ, ಕೆಳಗಿನ ಎಲುಬನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದು ನೋಡಿದೆ. ತುಸು ಜರುಗಿದಂತೆನಿಸಿತು. ಆದರೆ ಊತವಿತ್ತು, ನೋವಿಗೆ ಅವರು ಕಾಲು ಬಿಗಿ ಹಿಡಿದಿದ್ದರು. 'ಸ್ವಲ್ಪ ಸಡಿಲ, ಸ್ನಾಯು ಸೊರಗಿದ್ದರಿಂದ ಇರಬಹುದು' ಎಂದು ಕಾಗದದಲ್ಲಿ ಬರೆದೆ.

ಪ್ರತಿ ಗುರುವಾರ ಬೆಂಗಳೂರಿನಿಂದ ಒಬ್ಬ ಸರ್ಜನ್ ಬರುತ್ತಿದ್ದರು. ಅವರು ಮತ್ತು ಬರಿಸಿ, ಮೇಷ್ಟರ ಕಾಲನ್ನು ಎಳೆದು ತಿರುಗಿಸಿದಾಗ ಒಳಗೆ ಟಪ್ಪೆಂದು ಏನೋ ಜಾರಿ ಕಾಲು ನೆಟ್ಟಗಾಯಿತು. ಎಚ್ಚರವಾದ ಮೇಲೆ ಸರ್ಜನ್ ವಿವರಿಸಿದರು. ಕೀಲಿನ ಎರಡು ಎಲುಬುಗಳ ನಡುವೆ ಅರ್ಧಚಂದ್ರದಂಥ ಮೆತ್ತೆಗಳಿರುತ್ತವೆ. ಒಳಬದಿಯದು ಹರಿದು, ಹರಿದ ಚೂರು ಬಾಗಿಲ ಸಂದಿಗೆ ಸಿಕ್ಕ ಬಟ್ಟೆಯ ಹಾಗೆ ಕೀಲಿಗೆ ಸಿಕ್ಕಿಕೊಂಡಿತ್ತು.

"ಒಂದು ಸಲ ಸಿಕ್ಕಿಕೊಂಡದ್ದು ಮತ್ತೆ ಸಿಕ್ಕಿಕೊಳ್ಳುತ್ತೆ. ಬರೋ ಗುರುವಾರ ಕೊಯ್ದು ತೆಗೆದುಬಿಡೋಣ," ಅಂದರು.

"ಓಡೋದು ಯಾವಾಗ ಸಾರ್?"

"ಎಲ್ಲ ಸರಿಹೋದ್ರೆ ಮೂರು ತಿಂಗಳು."

ಮೇಷ್ಟ್ರು ಬೆರಳಲ್ಲಿ ಲೆಕ್ಕ ಹಾಕಿದರು. ನಾಲ್ಕು ತಿಂಗಳಿಗೆ ಅವರಿಗೊಂದು ಪರೀಕ್ಷೆಯಿತ್ತು. ದೈಹಿಕ ಶಿಕ್ಷಣದ ತರಬೇತಿಗೆ ಆಯ್ಕೆಯಾದರೆ ಮಾತ್ರ ಕೆಲಸ ಕಾಯಂ. ಆಯ್ಕೆಗೆ ಓಟ, ಉದ್ದ ಜಿಗಿತ, ಹಗ್ಗ ಹತ್ತುವುದು. ಅದು ತಪ್ಪಿದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಆ ಕೆಲಸವೆಂದರೆ ಅವರಿಗೇನು ಎಂಬುದನ್ನು ಹೆಂಡತಿ ಹೇಳಿದಳು. ಆಕೆ ಬೇರೆಯವರ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತಿದ್ದವಳು. "ನಮ್ಮ ಕೇರೀಲಿ ಪ್ಯಾಂಟು ಹಾಕ್ಕೊಂಡು ಕೆಲಸಕ್ಕೆ ಹೋದೋರು ಇವ್ರೇ ಮೊದಲು ಕಣಮ್ಮ. ನಮ್ಮನ್ನ ಮನೆ ಒಳಕ್ಕೆ ಸೇರಿಸ್ದೇ ಇದ್ದೋರ ಮಕ್ಕಳು, ಇವ್ರು 'ನಿಲ್ಲು' ಅಂದ್ರೆ ನಿಲ್ತವೆ, 'ಓಡು' ಅಂದ್ರೆ ಓಡ್ತವೆ. ನಾನೊಂದು ಸಲ ಹೋಗಿ ಬೇಲಿ ಆಚೆ ನಿಂತ್ಕೊಂಡು ನೋಡಿ ಬಂದಿವ್ನಿ."

ಸರ್ಜನ್ ಹೊರಟ ಮೇಲೆ ಮೇಷ್ಟ್ರು ನನ್ನ ಕೋಣೆಗೆ ಬಂದರು. ಕಾಲು ನೆಟ್ಟಗಾಗಿದ್ದರಿಂದ ಬಿದಿರಿನ ಗಳು ಹಿಡಿದು ನಿಧಾನವಾಗಿ ನಡೆಯುತ್ತಿದ್ದರು.

"ನೀವೇನಂತೀರಮ್ಮ? ಕೊಯ್ಸಬೇಕಾ?"

ಅದು ನನ್ನನ್ನು ಕೇಳುವ ಪ್ರಶ್ನೆಯಲ್ಲ, ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ನಾನು ಹಾಗನ್ನಲಿಲ್ಲ. ಹಿಂದಿನ ವರ್ಷ ನಮ್ಮಲ್ಲಿ ಮೊಣಕಾಲು ಕೊಯ್ಸಿಕೊಂಡ ಒಬ್ಬ ಮಗ್ಗದವನಿಗೆ ಕೀವು ತುಂಬಿ, ಕಾಲು ಕೋಲಿನಂತೆ ಮರಗಟ್ಟಿಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಆ ಭಯ ನಿಜವೇ. ಆದರೆ ಭಯವೊಂದೇ ಕಾರಣವಲ್ಲ. ಅದುವರೆಗೆ ನನ್ನ ಕೋಣೆಯಿಂದ ಪೂರ್ತಿ ಗುಣವಾಗಿ ನಡೆದುಹೋದವರು ಯಾರೂ ಇರಲಿಲ್ಲ. ಎದುರಿಗೆ ಕಟ್ಟುಮಸ್ತಾದ ಆಳು ಕೂತಿದ್ದಾರೆ; ಹೇಳಿದ ಕಸರತ್ತನ್ನು ಒಂದೂ ಬಿಡದೆ ಮಾಡುವಂಥ ಮನುಷ್ಯ. ಇವರನ್ನು ಓಡಿಸಿ ತೋರಿಸಬೇಕೆಂಬ ಆಸೆ ನನ್ನಲ್ಲಿ ಎದ್ದಿತ್ತು.

"ತೊಡೆ ಗಟ್ಟಿಯಾದ್ರೆ ಮಂಡಿಯನ್ನ ಅದೇ ಹಿಡಿದು ನಿಲ್ಸುತ್ತೆ ಮೇಷ್ಟ್ರೇ. ಮೊದಲು ಕಸರತ್ತು ಮಾಡೋಣ. ಕೊಯ್ಸೋದು ಎಲ್ಲಿಗೂ ಓಡಿಹೋಗಲ್ಲ," ಅಂದೆ.

ದೊಡ್ಡ ಡಾಕ್ಟರು ವಯಸ್ಸಾದವರು, ಕತ್ತಿಗೆ ಅಂಜುವವರು. ಅವರೂ ಒಪ್ಪಿದರು. ಮುಂದಿನ ಗುರುವಾರ ಸರ್ಜನ್ ನನ್ನ ಮುಖ ನೋಡಿ ಒಂದೇ ಮಾತು ಅಂದರು: "ಮತ್ತೆ ಸಿಕ್ಕಿಕೊಳ್ಳೋವರೆಗೆ ದಿನ ಎಣಿಸ್ತಾ ಇರಿ."

ಮೊದಲ ವಾರ ಮಲಗಿದಲ್ಲೇ ತೊಡೆಯನ್ನು ಬಿಗಿಹಿಡಿದು ಬಿಡುವುದು. ಮಂಡಿಯ ಕೆಳಗೆ ನನ್ನ ಅಂಗೈ ಇಟ್ಟು, ಅದನ್ನು ಮಂಚಕ್ಕೆ ಒತ್ತಿ ಎಂದು ಹೇಳುತ್ತಿದ್ದೆ. ಮೊದಲ ದಿನ ಸ್ನಾಯು ಅಲ್ಲಾಡಲೇ ಇಲ್ಲ. ಮೇಷ್ಟ್ರು ತಮ್ಮ ತೊಡೆಯನ್ನೇ ದಿಟ್ಟಿಸಿ, "ಏಳೋ, ಏಳೋ" ಎಂದು ಸೋಮಾರಿ ಹುಡುಗನನ್ನು ಎಬ್ಬಿಸುವ ಹಾಗೆ ಗದರಿಸಿದರು. ನಾಲ್ಕನೆಯ ದಿನ ಚರ್ಮದ ಕೆಳಗೆ ಸಣ್ಣಗೆ ಮಿಡುಕಿತು. ಎರಡನೆಯ ವಾರ ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು. ಆಮೇಲೆ ತೂಕ. ಅದಕ್ಕೆಂದೇ ಕಾಲಿಗೆ ಕಟ್ಟುವ ಕಬ್ಬಿಣದ ಪಾದರಕ್ಷೆಯ ಚಿತ್ರವನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ. ಹೆಂಡತಿ ಗೋಣಿತಟ್ಟಿನಲ್ಲಿ ಚೀಲ ಹೊಲಿದುಕೊಟ್ಟಳು, ಮರಳು ತುಂಬಿದೆವು. ಒಂದು ಪೌಂಡಿನಿಂದ ಶುರುವಾಗಿ ವಾರ ವಾರಕ್ಕೂ ಏರಿಸಿದೆವು. ಅವರು ದಿನವೂ ನಂದಿಯಿಂದ ರೈಲಿನಲ್ಲಿ ಬರುತ್ತಿದ್ದರು. ಐದನೆಯ ವಾರ ಗಾಡಿಯ ಎತ್ತರದ ಮೆಟ್ಟಿಲನ್ನು ಬಲಗಾಲಿನಲ್ಲೇ ಹತ್ತಿ ಬಂದೆ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ತೊಡೆಯ ಅಳತೆಯಲ್ಲಿ ಅರ್ಧ ಅಂಗುಲ ಮಾತ್ರ ವ್ಯತ್ಯಾಸ ಉಳಿಯಿತು. ಎಂಟನೆಯ ವಾರ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಮೆಲ್ಲಗೆ ಓಡಿದರು. ಹೋಗಿ, ತಿರುಗಿ, ಬಂದರು. ತಿರುಗುವಾಗ ಒಮ್ಮೆ ತಡವರಿಸಿದರು. ಕಲ್ಲು ಸಿಕ್ಕಿತು ಅಂದರು. ನಾನೂ ಕಲ್ಲೇ ಇರಬೇಕೆಂದುಕೊಂಡೆ. ಹೋಗಿ ನೆಲ ನೋಡಲಿಲ್ಲ.

ರಜೆ ಮುಗಿದು ಅವರು ಶಿಡ್ಲಘಟ್ಟಕ್ಕೆ ಹೋದರು. ಹೋದ ಎಂಟನೆಯ ದಿನ, ಇಬ್ಬರು ಮೇಷ್ಟರುಗಳು ಅವರನ್ನು ಬಸ್ಸಿನಿಂದ ಇಳಿಸಿ ಕೈಕುರ್ಚಿ ಮಾಡಿ ಹೊತ್ತುಕೊಂಡು ಬಂದರು. ಮಕ್ಕಳಿಗೆ ಉದ್ದ ಜಿಗಿತ ಮಾಡಿ ತೋರಿಸಿದ್ದರಂತೆ. ಜಿಗಿಯುವಾಗ ಏನೂ ಆಗಲಿಲ್ಲ. ಮರಳಿನಲ್ಲಿ ಇಳಿದು ಪಕ್ಕಕ್ಕೆ ಹೊರಳುವಾಗ ಮಂಡಿ ತನ್ನಷ್ಟಕ್ಕೆ ಕುಸಿಯಿತು.

"ನನ್ನ ಕಾಲು ಅಂತ ಅನ್ನಿಸ್ಲೇ ಇಲ್ಲಮ್ಮ," ಅಂದರು. "ಮೇಲಿನ ಅರ್ಧ ಒಂದು ಕಡೆ ಹೋಯ್ತು, ಕೆಳಗಿನ ಅರ್ಧ ಇನ್ನೊಂದು ಕಡೆ."

ಕಾಲು ಮತ್ತೆ ಮಡಚಿಕೊಂಡೇ ನಿಂತಿತ್ತು. ಮತ್ತೆ ಊತ. ಗುರುವಾರ ಸರ್ಜನ್ ಮತ್ತು ಬರಿಸಿ ಕಾಲನ್ನು ಬಿಡಿಸಿದರು. ಈ ಸಲ ಅವರು ನನ್ನನ್ನು ಹತ್ತಿರ ಕರೆದರು. ಮತ್ತಿನಲ್ಲಿ ಸ್ನಾಯುಗಳೆಲ್ಲ ಸಡಿಲವಾಗಿದ್ದವು. "ಹಿಡಿದು ಎಳೀರಿ," ಅಂದರು. ಎಳೆದೆ. ಕೆಳಗಿನ ಎಲುಬು ಮೇಜಿನ ಖಾನೆ ಹೊರಬಂದ ಹಾಗೆ ಮುಂದಕ್ಕೆ ಬಂತು. ಅದಕ್ಕೊಂದು ತಡೆಯೇ ಇರಲಿಲ್ಲ. ಎರಡು ಎಲುಬುಗಳನ್ನು ಒಳಗಿನಿಂದ ಬಿಗಿದಿಡುವ ಹುರಿ ಹರಿದಿತ್ತು. ಅವತ್ತು ಜಿಗಿದಾಗ ಹರಿದದ್ದಲ್ಲ, ಚಿಂತಾಮಣಿಯಲ್ಲಿ ಕೇಳಿದ ಸದ್ದೇ ಅದು.

ಮೊದಲ ದಿನ ಬರೆದ ಕಾಗದವನ್ನು ತೆಗೆದು ಸರ್ಜನ್‌ಗೆ ತೋರಿಸಿದೆ. ಅವರು ಓದಿ, "ನಾನೂ ಅವತ್ತು ನೋಡಬೇಕಿತ್ತು. ಸಿಕ್ಕಿದ್ದನ್ನ ಬಿಡಿಸಿದೆನಲ್ಲಾ ಅನ್ನೋ ಖುಷಿಯಲ್ಲಿ ನೋಡಲಿಲ್ಲ," ಅಂದರು. ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಪರೀಕ್ಷೆಗೆ ಇನ್ನು ಆರು ವಾರವಿತ್ತು. ದೊಡ್ಡ ಡಾಕ್ಟರು ದಿನ ಮುಂದೂಡಬೇಕೆಂದು ಕೇಳಿ ಪತ್ರ ಬರೆದರು. ಆಗುವುದಿಲ್ಲವೆಂದು ಎರಡು ಸಾಲಿನ ಉತ್ತರ ಬಂತು. ಆ ಉತ್ತರ ಬಂದ ದಿನವೇ ಸರ್ಜನ್ ಮೇಷ್ಟರನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡಿದರು. ಹರಿದ ಮೆತ್ತೆಯನ್ನು ಕೊಯ್ದು ತೆಗೆಯಬಹುದು, ಆಗ ಕಾಲು ಸಿಕ್ಕಿಕೊಳ್ಳುವುದು ನಿಲ್ಲುತ್ತದೆ. ಹರಿದ ಹುರಿಗೆ ಮಾಡುವಂಥದ್ದು ಏನೂ ಇಲ್ಲ. ದೊಡ್ಡ ಊರುಗಳಲ್ಲಿ ಕೆಲವರು ಪ್ರಯತ್ನಿಸಿದ್ದಾರೆ, ನಂಬಿಕೆಯಿಂದ ಹೇಳುವಂಥ ಫಲ ಬಂದಿಲ್ಲ.

ಮೇಷ್ಟ್ರು ಕೇಳಿದರು: "ಕೊಯ್ಸಿದ್ರೆ ಓಡ್ತೀನಾ ಸಾರ್?"

"ಇಲ್ಲ."

"ಕೊಯ್ಸದೆ ಕಸರತ್ತು ಮಾಡಿದ್ರೆ?"

"ಇಲ್ಲ."

"ಮತ್ತೆ ನನ್ನನ್ನ ಏನು ಕೇಳ್ತಿದೀರಿ?"

ನಾನು ಕಿಟಕಿಯ ಹಗ್ಗವನ್ನು ನೋಡುತ್ತಿದ್ದೆ. ಆಗ ಹೆಂಡತಿ ಮಾತಾಡಿದಳು. "ಓಡೋದು ಬಿಡಿ ಸಾಮಿ. ನಡು ದಾರೀಲಿ ಕಾಲು ಸಿಕ್ಕಾಕ್ಕೊಂಡು ಬೀಳ್ದಂಗೆ ಆಗ್ತದಾ?"

"ಅದು ಆಗುತ್ತೆ."

"ಹಂಗಾದ್ರೆ ಕೊಯ್ರಿ."

ಮೇಷ್ಟ್ರು ಅವಳತ್ತ ತಿರುಗಿ ಏನೋ ತೆಲುಗಿನಲ್ಲಿ ಅಂದರು. ತೆಲುಗು ನನಗೆ ಚೆನ್ನಾಗಿ ಬರುತ್ತಿತ್ತು, ಆದರೂ ಕೇಳಿಸದವಳಂತೆ ಇದ್ದೆ. 'ನಾನು ಕುಂಟನಾದರೆ ನಿನಗೇ ಸುಲಭವಲ್ಲವಾ, ಮನೆಯಲ್ಲೇ ಬಿದ್ದಿರ್ತೀನಿ' ಎಂಬ ಅರ್ಥದ ಮಾತು. ಆಕೆ ಗಂಡನ ಹೆಗಲ ಮೇಲಿದ್ದ ಟವಲನ್ನು ಸರಿಮಾಡಿದಳು, ಅಷ್ಟೇ.

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಜಡ ಮಾಡಿ ಶಸ್ತ್ರಕ್ರಿಯೆ ನಡೆಯಿತು. ನಾನೂ ಒಳಗಿದ್ದೆ. ಹೊರಬಂದದ್ದು ಎಳೆ ತೆಂಗಿನ ಗಂಜಿಯಂತೆ ಬೆಳ್ಳಗಿದ್ದ, ಕಿರುಬೆರಳುದ್ದದ ಚೂರು. ಅಂಚು ನಾರುನಾರಾಗಿತ್ತು. ವಾರಗಟ್ಟಲೆ ಮರಳಿನ ಚೀಲ ಎತ್ತಿಸಿದಷ್ಟೂ ಅದು ಒಳಗೆ ತೇಯುತ್ತಲೇ ಇತ್ತು. ಎಲುಬಿನ ನುಣುಪು ಮೈ ಕೂಡ ಒಂದು ಕಡೆ ಒರಟಾಗಿತ್ತು. ಸರ್ಜನ್ ಅದನ್ನು ಬೆರಳಲ್ಲಿ ತೋರಿಸಿದರು.

ಗಾಯ ಚೆನ್ನಾಗಿಯೇ ಕೂಡಿತು. ಆದರೆ ನಾಲ್ಕನೆಯ ದಿನ ಕೀಲಿನೊಳಗೆ ರಕ್ತ ತುಂಬಿ ಬಿಗಿಯಿತು. ಸೂಜಿ ಹಾಕಿ ತೆಗೆದರು, ಮರುದಿನ ಮತ್ತೆ ತುಂಬಿತು. ಕೀವಲ್ಲ, ಪುಣ್ಯ ಅಂದುಕೊಂಡೆವು. ಆದರೆ ಅದಕ್ಕಾಗಿ ಮೂರು ವಾರ ಕಾಲನ್ನು ಅಲ್ಲಾಡಿಸದೆ ಪಟ್ಟಿ ಬಿಗಿದಿಡಬೇಕಾಯಿತು. ಪಟ್ಟಿ ಬಿಚ್ಚಿದಾಗ ಮಂಡಿ ಮಡಚುತ್ತಿರಲಿಲ್ಲ. ಪರೀಕ್ಷೆಯ ದಿನ ಅವರು ನನ್ನ ಕೋಣೆಯ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಕಣಕಾಲನ್ನು ಹಿಡಿದು ಒಂದೊಂದೇ ಎಳೆಯಷ್ಟು ಕೆಳಕ್ಕೆ ಒತ್ತುತ್ತಿದ್ದೆ.

ಐದು ತಿಂಗಳು ದುಡಿದೆವು. ಬಿಸಿನೀರಿನ ಶಾಖ, ರಾಟೆಯ ಹಗ್ಗದಿಂದ ಎಳೆಯುವುದು, ಮಂಚದಡಿ ಕಾಲು ತೂರಿಸಿ ಮಡಚುವುದು. ಕುರ್ಚಿಯಲ್ಲಿ ಕೂತರೆ ಕಾಲು ಎಷ್ಟು ಮಡಚುತ್ತದೋ ಅಷ್ಟಕ್ಕೆ ಬಂದು ನಿಂತಿತು. ಅದಕ್ಕಿಂತ ಒಂದು ಕೂದಲೆಳೆ ಮುಂದೆ ಹೋಗಲಿಲ್ಲ. ಅದರರ್ಥ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವಂತಿಲ್ಲ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವಂತಿಲ್ಲ. ಬಯಲಿಗೆ ಹೋಗುವುದೂ ಕಷ್ಟ. ನಮ್ಮ ಕಡೆಯ ಬದುಕೆಲ್ಲ ನೆಲದ ಮೇಲೆಯೇ ನಡೆಯುವಂಥದ್ದು. ಪುಸ್ತಕದಲ್ಲಿ ಇಷ್ಟು ಮಡಚಿದರೆ 'ತೃಪ್ತಿಕರ' ಎಂದು ಬರೆದಿರುತ್ತಾರೆ. ಅದನ್ನು ಬರೆದವರು ಕುರ್ಚಿಯ ಮೇಲೆ ಕೂತು ಉಣ್ಣುವವರು.

ಒಂದು ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಶಾಲೆಗೆ ಹೊಸ ಡ್ರಿಲ್ ಮೇಷ್ಟ್ರು ಬಂದಿದ್ದಾರೆಂದು ಯಾರೋ ಹೇಳಿದರು. ಎರಡು ತಿಂಗಳು ಕಳೆದ ಮೇಲೆ, ಒಂದು ರಜೆಯ ದಿನ, ನಾನೇ ರೈಲು ಹತ್ತಿ ನಂದಿಗೆ ಹೋದೆ. ಕಾಲು ಹೇಗಿದೆ ನೋಡಿಬರುತ್ತೇನೆ ಎಂದು ದೊಡ್ಡ ಡಾಕ್ಟರಿಗೆ ಹೇಳಿದ್ದೆ. ಕ್ಷಮೆ ಕೇಳಲು ಹೋಗುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಅವರು ಸ್ಟೇಷನ್ನಿನ ಪಕ್ಕದ ಒಂದು ಚಪ್ಪರದ ಕೆಳಗೆ ಸಿಕ್ಕರು. ಬೆಂಗಳೂರಿಗೆ ಹೋಗುವ ತರಕಾರಿ ಬುಟ್ಟಿಗಳಿಗೆ ಹೆಸರಿನ ಚೀಟಿ ಕಟ್ಟುವ ಕೆಲಸ. ಎತ್ತರದ ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು, ಬಲಗಾಲು ಮುಂದಕ್ಕೆ ಚಾಚಿತ್ತು. ನನ್ನನ್ನು ನೋಡಿ ಏಳಲು ಹೋದರು. ಬೇಡ ಅಂದೆ. ಇನ್ನೊಂದು ಪೆಟ್ಟಿಗೆಯನ್ನು ಎಳೆದುಕೊಟ್ಟರು.

"ನಿಮ್ಮವರು?"

"ತೋಟಕ್ಕೆ ಹೋಗಿದಾಳೆ. ಸಂಜೆಗೆ ಬರ್ತಾಳೆ."

"ಕಾಲು ಸಿಕ್ಕಿಕೊಳ್ಳುತ್ತಾ?"

"ಇಲ್ಲ. ಅದು ನಿಂತೋಯ್ತು. ಒಂದೊಂದು ಸಲ ಜಾರುತ್ತೆ. ನಿಧಾನವಾಗಿ ನಡೀತೀನಿ."

ಬದನೆಯ ಬುಟ್ಟಿಯೊಂದಕ್ಕೆ ಚೀಟಿ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಡಿದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಸರ್ಜನ್ ಹೇಳಿದ ಗುರುವಾರವೇ ಕೊಯ್ಸಿದ್ರೆ ಓಡ್ತಿದ್ನೇನಮ್ಮ?"

ದಾರಿಯುದ್ದಕ್ಕೂ ಇದಕ್ಕೊಂದು ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಹುರಿ ಮೊದಲೇ ಹರಿದಿತ್ತು, ಹೇಗೂ ಕಷ್ಟವಿತ್ತು ಎಂದು. ಅದು ಸುಳ್ಳೂ ಅಲ್ಲ. ಆದರೆ ಹುರಿ ಹರಿದೂ ತೊಡೆಯ ಬಲದಿಂದ ಓಡಿದವರಿದ್ದಾರೆ. ಮೆತ್ತೆಯನ್ನು ಬೇಗ ತೆಗೆದಿದ್ದರೆ ಎಲುಬು ಒರಟಾಗುತ್ತಿರಲಿಲ್ಲ, ರಕ್ತ ತುಂಬುತ್ತಿತ್ತೋ ಇಲ್ಲವೋ. ಒಂದು ದಿನದ ಮಟ್ಟಿಗೆ, ಆ ಒಂದು ಪರೀಕ್ಷೆಯ ಮಟ್ಟಿಗೆ ಓಡುತ್ತಿದ್ದರೇನೋ.

"ಗೊತ್ತಿಲ್ಲ ಮೇಷ್ಟ್ರೇ," ಅಂದೆ.

"ಅವತ್ತೂ ಗೊತ್ತಿರ್ಲಿಲ್ಲ, ಅಲ್ವಾ?"

"ಗೊತ್ತಿರ್ಲಿಲ್ಲ."

"ಗೊತ್ತಿರೋರ ಹಾಗೆ ಹೇಳಿದ್ರಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನದು ತಪ್ಪಾಯಿತು ಎಂದು ಹೇಳಿದೆ. ಅವರು ತಲೆಯಾಡಿಸಿದರು. ಒಪ್ಪಿಕೊಂಡರೋ, ಸಾಕು ಬಿಡಿ ಎಂದರೋ ತಿಳಿಯಲಿಲ್ಲ. ಬುಟ್ಟಿ ಹೊರುವವನೊಬ್ಬ ದೂರದಿಂದ ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗಿ ಬೇಗ ಮುಗಿಸು ಅಂದ. "ಆಯ್ತು ಸ್ವಾಮಿ," ಎಂದು ಇವರು ಉತ್ತರ ಕೊಟ್ಟರು. ಇನ್ನೊಂದು ಚೀಟಿ ಎತ್ತಿಕೊಂಡು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಇಲ್ಲಿ ನನ್ನನ್ನ ಮೇಷ್ಟ್ರೇ ಅನ್ಬೇಡಿ ಅಮ್ಮ. ನಗ್ತಾರೆ."